ಅಳೆಯದೆ ಬರೆದ ಐವತ್ತು

ಸವದತ್ತಿಯ ತಾರ್ ಆಫೀಸಿಗೆ, ಅಂದರೆ ಟೆಲಿಗ್ರಾಫ್ ಕಚೇರಿಗೆ, ಮಾಸ್ತರನಾಗಿ ಬಂದಾಗ ನನಗೆ ಇಪ್ಪತ್ತಮೂರು ವರ್ಷ. ಹೊಸ ಶತಮಾನ ಹುಟ್ಟಿ ನಾಲ್ಕೈದು ವರ್ಷವಾಗಿತ್ತು. ಅದಕ್ಕೂ ಮೊದಲು ಬೈಲಹೊಂಗಲದ ನಮ್ಮ ಮನೆಯಲ್ಲಿ, ಮದುವೆಯಾಗಿ ವರ್ಷ ತುಂಬುವುದರೊಳಗೆ, ನನ್ನ ಹೆಂಡತಿಯನ್ನು ಪ್ಲೇಗು ತೆಗೆದುಕೊಂಡು ಹೋಗಿತ್ತು. ಇನ್ನೊಂದು ಮಾಡಿಕೋ ಎಂದು ಮನೆಯವರು ಬೆನ್ನುಬಿದ್ದಿದ್ದರು. ಅವರ ಬಾಯಿಯಿಂದ ತಪ್ಪಿಸಿಕೊಳ್ಳಲೆಂದೇ, ಯಾರೂ ಒಲ್ಲದ ಆ ಆಫೀಸನ್ನು ನಾನು ಕೇಳಿ ಹಾಕಿಸಿಕೊಂಡೆ. ಆಮೇಲೆ ಅದಕ್ಕಾಗಿ ಬೈಯೋಣವೆಂದರೆ ನನ್ನ ಹೊರತು ಯಾರೂ ಸಿಗಲಿಲ್ಲ.

ಆಫೀಸು ಎಂದರೆ ಊರು ಮುಗಿದ ಮೇಲೆ, ಎಲ್ಲಮ್ಮನ ಗುಡ್ಡದ ದಾರಿಗೆ ಹೊಂದಿ ಒಂದು ಕೋಣೆ. ಅದರ ಹಿಂದೆ ಒಲೆ ಹೂಡಲಿಕ್ಕೆ, ಮಲಗಲಿಕ್ಕೆ ಇನ್ನೊಂದು. ಜವಾನ ಬೆಳಿಗ್ಗೆ ಬಂದು ತಾರುಗಳನ್ನು ಹಂಚಿ ಸಂಜೆ ಉಗರಗೋಳದ ತನ್ನ ಮನೆಗೆ ಹೋಗಿಬಿಡುತ್ತಿದ್ದ. ಊರಿನವರು ನನ್ನನ್ನು ಕಂಡರೆ ಹೆದರುತ್ತಿದ್ದರು. ಆ ಕಾಲಕ್ಕೆ ಸಾಮಾನ್ಯರ ಮನೆಗೆ ತಾರು ಬಂದಿತೆಂದರೆ ಯಾರೋ ಸತ್ತಿದ್ದಾರೆ ಎಂದೇ ಅರ್ಥ. ನಾನು ಎಲೆ ಅಡಿಕೆ ತರಲು ಪೇಟೆಗೆ ಹೊರಟರೂ ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

“ನಮ್ಮ ಮನೀಗಲ್ಲಲ್ರೀ ಮಾಸ್ತರ?” ಎಂದು ಒಬ್ಬಳು ಕೇಳಿಯೇ ಬಿಟ್ಟಳು.

“ಅಲ್ಲವಾ, ಎಲಿ ತರಾಕ ಹೊಂಟೇನಿ,” ಎಂದೆ. ಆದರೂ ನಾನು ಅವಳ ಮನೆ ದಾಟಿ ಹೋಗುವವರೆಗೆ ಅವಳು ಒಳಗೆ ಹೋಗಲಿಲ್ಲ. ಇಂಥ ಮರ್ಯಾದೆ ಯಮನಿಗೆ ಬಿಟ್ಟರೆ ನನಗೆ ಮಾತ್ರ ಸಿಗುತ್ತಿತ್ತು.

ನನ್ನ ಜೊತೆ ಮಾತಾಡುತ್ತಿದ್ದವರು ಒಬ್ಬರೇ. ಅವರನ್ನು ನಾನು ಕಣ್ಣಿನಿಂದ ನೋಡಿರಲಿಲ್ಲ. ಇಪ್ಪತ್ತನಾಲ್ಕು ಮೈಲಿ ಆಚೆ, ತಂತಿಯ ಇನ್ನೊಂದು ತುದಿಯಲ್ಲಿದ್ದ ರಾಮದುರ್ಗದ ತಾರ್ ಮಾಸ್ತರರು ಅವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ದಿನದ ತಾರುಗಳು ಮುಗಿದ ಮೇಲೆ, ಆಫೀಸು ಮುಚ್ಚುವುದಕ್ಕೆ ಮುಂಚಿನ ಅರ್ಧ ತಾಸು ನಾವಿಬ್ಬರೂ ಹರಟುತ್ತಿದ್ದೆವು. ತಂತಿಯ ಮೇಲೆ ಖಾಸಗಿ ಮಾತು ಕೂಡದು ಎಂಬ ನಿಯಮವನ್ನು ಗೋಡೆಗೇ ಹಚ್ಚಿದ್ದರು. ಅದರ ಕೆಳಗೇ ಕೂತು ಹರಟುತ್ತಿದ್ದೆವು. ಚುಕ್ಕೆ ಗೆರೆಗಳ ಆ ಭಾಷೆಯಲ್ಲಿ ಇಂಗ್ಲಿಷ್ ಅಕ್ಷರಗಳು ಮಾತ್ರ ಇದ್ದವು. ನಾವು ಆ ಅಕ್ಷರಗಳಲ್ಲೇ ನಮ್ಮ ಕನ್ನಡವನ್ನು ಬಡಿಯುತ್ತಿದ್ದೆವು.

“ತಮ್ಮಾ, ಏನ ಅಡಗಿ ಮಾಡಿದಿ?”

“ಝುಣಕಾರಿ ಅಣ್ಣಾರ.”

“ನಿನ್ನೀದ?”

“ನಿನ್ನೀದೂ ಐತ್ರಿ, ಇವತ್ತಿಂದೂ ಐತ್ರಿ.”

ಅವರು ನಗುತ್ತಿದ್ದರು. ತಂತಿಯ ಮೇಲೆ ನಗುವುದೆಂದರೆ ನಾಲ್ಕು ಚುಕ್ಕೆ, ಮತ್ತೆ ಒಂದು ಚುಕ್ಕೆ ಒಂದು ಗೆರೆ, ಅಂದರೆ ಇಂಗ್ಲಿಷ್ ಅಕ್ಷರಗಳ ‘ಹಾ’, ಅದನ್ನೇ ಎರಡು ಮೂರು ಸಲ ಬಡಿಯುವುದು. ಅವರ ಹೆಂಡತಿ ರಾಮದುರ್ಗದ ನೇಕಾರರ ಮಗಳು. ಮದುವೆಯಾದ ಮೇಲೂ ನೇಯುವುದನ್ನು ಬಿಟ್ಟಿರಲಿಲ್ಲ. ಆಫೀಸಿನ ಹಿಂದಿನ ಮನೆಯಲ್ಲೇ ಮಗ್ಗ. ಸೀರೆ ಸೆರಗಿಗೆ ಬಂದಿತೆಂದರೆ ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ ಎಂದು ಅವರು ದೂರುತ್ತಿದ್ದರು. ದೂರಿನಲ್ಲಿ ಹೆಮ್ಮೆಯೇ ಜಾಸ್ತಿ. ಮಕ್ಕಳಿರಲಿಲ್ಲ. ಅವರಿಗೆ ಇದ್ದ ಭಯ ಒಂದೇ, ವರ್ಗದ್ದು.

“ಕುಣಿಮಗ್ಗ ತಮ್ಮಾ. ನೆಲಾ ತೋಡಿ ಹೂಡಿದ್ದು. ಕಿತಗೊಂಡು ಹೋಗಾಕ ಬರಂಗಿಲ್ಲ. ನನ್ನ ವರ್ಗಾ ಮಾಡಿದ್ರ ಆಕಿ ಇಲ್ಲೆ, ನಾ ಎಲ್ಲೋ,” ಎಂದು ಎಷ್ಟೋ ಸಲ ಬಡಿದಿದ್ದರು. ಹನ್ನೊಂದು ವರ್ಷದಿಂದ ಮೇಲಿನವರ ಕೈಕಾಲು ಹಿಡಿದು ಅದೇ ಊರಿನಲ್ಲಿ ಉಳಿದಿದ್ದರು.

ನಮ್ಮ ಈ ಹರಟೆಗೆ ಎಷ್ಟು ಶಕ್ತಿ ಖರ್ಚಾಗುತ್ತದೆ ಎಂದು ಒಂದು ಮಧ್ಯಾಹ್ನ ಲೆಕ್ಕ ಹಾಕಿದೆ. ಒಂಟಿಯಾಗಿ ಇರುವವನಿಗೆ ಲೆಕ್ಕವೂ ಒಂದು ಸಂಗಾತಿ. ನನ್ನ ಮೇಜಿನ ಪಕ್ಕದ ಕಪಾಟಿನಲ್ಲಿ ಇಪ್ಪತ್ತು ಜಾಡಿಗಳಿದ್ದವು. ಪ್ರತಿ ಜಾಡಿಯ ತಳಕ್ಕೆ ತಾಮ್ರದ ತಗಡು, ಅದರ ಮೇಲೆ ನೀಲಿ ಮೈಲುತುತ್ತ, ಅದರ ಮೇಲೆ ಒದ್ದೆ ಮಾಡಿದ ಮರದ ಹೊಟ್ಟು, ಎಲ್ಲಕ್ಕೂ ಮೇಲೆ ಸತುವಿನ ಬಿಲ್ಲೆ. ಒಂದು ಜಾಡಿ ಹೆಚ್ಚುಕಡಿಮೆ ಒಂದು ವೋಲ್ಟ್ ಒತ್ತಡ ಕೊಡುತ್ತಿತ್ತು. ಇಪ್ಪತ್ತು ಜಾಡಿಗೆ ಇಪ್ಪತ್ತು ವೋಲ್ಟ್. ಆ ಒತ್ತಡಕ್ಕೆ ತಂತಿಯಲ್ಲಿ ಹರಿಯುತ್ತಿದ್ದದ್ದು ಇಪ್ಪತ್ತು ಮಿಲಿಆಂಪಿಯರ್, ಅಂದರೆ ಒಂದು ಆಂಪಿಯರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಇಪ್ಪತ್ತು ಪಾಲು. ಒತ್ತಡವನ್ನು ಹರಿವಿನಿಂದ ಗುಣಿಸಿದರೆ ಶಕ್ತಿ ಬರುತ್ತದೆ. ಗುಣಿಸಿದೆ. ಒಂದು ವಾಟಿನ ಹತ್ತರಲ್ಲಿ ನಾಲ್ಕು ಪಾಲು ಬಂತು. ಮುಂಬಯಿಯ ಸಾಹುಕಾರರ ಮನೆಯಲ್ಲಿ ಒಂದೇ ವಿದ್ಯುತ್ ದೀಪಕ್ಕೆ ಅರವತ್ತು ವಾಟ್ ಬೇಕೆಂದು ಕೇಳಿದ್ದೆ. ಅವರು ಒಂದು ದೀಪ ಆರಿಸಿದರೆ ನನ್ನಂಥ ನೂರೈವತ್ತು ಜನರಿಗೆ ಸಂಜೆ ಮಾತಾಡಲು ಒಬ್ಬೊಬ್ಬರು ಸಿಗುತ್ತಿದ್ದರು. ಇದನ್ನು ರಾಮದುರ್ಗಕ್ಕೆ ಬಡಿದು ಹೇಳಿದೆ. “ಹಂಗಾರ ನಾನೂ ನೀನೂ ಭಾಳ ಸೋವಿ ಬಿಡಪಾ,” ಎಂದರು.

ಶಕ್ತಿಗೆ ಗುಣಾಕಾರ, ತಡೆಗೆ ಭಾಗಾಕಾರ. ಪ್ರತಿದಿನ ಬೆಳಿಗ್ಗೆ ಏಳಕ್ಕೆ ನಾವಿಬ್ಬರೂ ತಂತಿಯ ಪರೀಕ್ಷೆ ಮಾಡಬೇಕಾಗಿತ್ತು. ನಾನು ನನ್ನ ಜಾಡಿಗಳನ್ನು ತಂತಿಗೆ ಹಚ್ಚುತ್ತಿದ್ದೆ. ಅಳತೆಯ ಪೆಟ್ಟಿಗೆಯ ಮುಳ್ಳು ಹರಿವು ಎಷ್ಟೆಂದು ತೋರಿಸುತ್ತಿತ್ತು. ಒತ್ತಡವನ್ನು ಹರಿವಿನಿಂದ ಭಾಗಿಸಿದರೆ ದಾರಿಯಲ್ಲಿರುವ ಒಟ್ಟು ತಡೆ ಎಷ್ಟು ಓಮ್ ಎಂದು ಸಿಗುತ್ತದೆ. ಇಪ್ಪತ್ತು ವೋಲ್ಟ್, ಇಪ್ಪತ್ತು ಮಿಲಿಆಂಪಿಯರ್, ಸಾವಿರ ಓಮ್. ದಿನಾ ಸಾವಿರವೇ. ಆ ಸಾವಿರವನ್ನು ನಾನು ಮನೆಮಂದಿಗೆ ಹಂಚಿದಂತೆ ಹಂಚಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೆ. ನನ್ನ ಜಾಡಿಗಳ ಒಳಗೆ ಮುನ್ನೂರು, ತಂತಿಗೆ ಮುನ್ನೂರು, ರಾಮದುರ್ಗದ ಯಂತ್ರಕ್ಕೆ ಮುನ್ನೂರು, ನನ್ನ ನೆಲಕ್ಕೆ ಐವತ್ತು, ಅವರ ನೆಲಕ್ಕೆ ಐವತ್ತು.

ನೆಲ ಎಂದದ್ದು ಯಾಕೆಂದರೆ, ನಮ್ಮಲ್ಲಿ ಹೋಗುವ ತಂತಿ ಒಂದೇ, ಮರಳಿ ಬರುವ ದಾರಿ ಭೂಮಿ. ಎರಡೂ ಆಫೀಸಿನ ಹಿತ್ತಲಲ್ಲಿ ಒಂದೊಂದು ತಾಮ್ರದ ತಗಡನ್ನು ಆಳಕ್ಕೆ ಹೂಳಿ, ಅದಕ್ಕೆ ಕಬ್ಬಿಣದ ತಂತಿ ಬೆಸೆದು ಮೇಲಕ್ಕೆ ತಂದಿದ್ದರು. ತಗಡಿನ ಸುತ್ತಲ ಮಣ್ಣು ಹಸಿಯಾಗಿದ್ದರೆ ತಡೆ ಕಡಿಮೆ. ಒಣಗಿ ಬಿರುಕು ಬಿಟ್ಟರೆ ತಡೆ ಏರುತ್ತದೆ. ನಮ್ಮ ಕಡೆಯ ಎರೆ ಮಣ್ಣಿನ ಗುಣ ಗೊತ್ತೇ ಇದೆಯಲ್ಲ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುತ್ತದೆ. ಅದಕ್ಕೇ ನಾನು ದಿನಾ ಬೆಳಿಗ್ಗೆ ಸ್ನಾನ ಮಾಡಿ, ಪರೀಕ್ಷೆಗೆ ಮುಂಚೆ, ಬಾವಿಯಿಂದ ಒಂದು ಕೊಡ ನೀರು ತಂದು ಅಲ್ಲಿ ಸುರಿಯುತ್ತಿದ್ದೆ. ಕೈಪಿಡಿಯಲ್ಲಿ ಹೇಳಿದ್ದರೆಂದು ಒಂದು ಹಿಡಿ ಉಪ್ಪನ್ನೂ ಒಮ್ಮೆ ಹಾಕಿದ್ದೆ. ಉಪ್ಪುನೀರಿನಲ್ಲಿ ಹರಿವು ಸಲೀಸು.

ನನ್ನ ತಗಡು ಹೂತದ್ದು ಬೇವಿನ ಮರದ ಬುಡದಲ್ಲಿ. ಎಲ್ಲಮ್ಮನ ದಾರಿ, ಬೇವಿನ ಮರ, ಸ್ನಾನ ಮಾಡಿ ಒದ್ದೆ ತಲೆಯಲ್ಲಿ ನೀರು ಹೊಯ್ಯುವ ಗಂಡಸು. ನೋಡಿದವರು ಇನ್ನೇನು ತಿಳಿದಾರು? ಒಂದು ಮುಂಜಾನೆ ನೋಡುತ್ತೇನೆ, ಮಣ್ಣಿನ ಮೇಲೆ ಎಲ್ಲಮ್ಮನ ಭಂಡಾರದ ಅರಿಸಿನ ಚೆಲ್ಲಿದೆ, ನಾಲ್ಕು ಹೂವಿದೆ. ಎದುರಿನ ಹೊಲದ ಮನೆಯ ಅಜ್ಜಿ ಕೈಮುಗಿದು ನಿಂತಿದ್ದಳು.

“ಆಯಿ, ಇಲ್ಲಿ ದೇವರಿಲ್ಲ. ತಾಮ್ರದ ತಗಡ ಐತಿ,” ಎಂದೆ.

“ದೇವರಿಲ್ಲಂದ್ರ ನೀವ್ಯಾಕ ದಿನಾ ಜಳಕಾ ಮಾಡಿ ನೀರು ಹಾಕತೀರಿ?” ಎಂದಳು.

ಓಮ್ ಎಂದರೇನು ಎಂದು ಅವಳಿಗೆ ಹೇಳಲು ಹೋದೆ. ಅವಳು ಭಕ್ತಿಯಿಂದ ಕೇಳಿದಳು, ಓಂ ಎಂದಾಗ ಮತ್ತೊಮ್ಮೆ ಕೈಮುಗಿದಳು. ಅಲ್ಲಿಗೆ ನಾನು ಕೈಬಿಟ್ಟೆ. ನಾನು ಉಪ್ಪು ಹಾಕಿದ್ದನ್ನೂ ಅವಳು ನೋಡಿದ್ದಳು. ನಮ್ಮ ಕಡೆ ಕೈಕಾಲಿನ ನರೂಲಿ ಉದುರಲೆಂದು ದೇವರ ಹೊಂಡಕ್ಕೆ ಉಪ್ಪು ಹಾಕುವ ಪದ್ಧತಿ ಇದೆಯಷ್ಟೆ. ಅವಳು ಮೊಮ್ಮಗಳ ಹೆಸರಿನಲ್ಲಿ ನನ್ನ ತಗಡಿಗೆ ಉಪ್ಪು ಹಾಕಿದಳು. ಆ ಹುಡುಗಿಯ ನರೂಲಿ ಉದುರಿಯೂ ಹೋದವು. ಆಮೇಲೆ ಕೇಳಬೇಕೇ! ಮಂಗಳವಾರ ಶುಕ್ರವಾರ ಹತ್ತಾರು ಹೆಂಗಸರು ಸೆರಗಿನಲ್ಲಿ ಉಪ್ಪು ಕಟ್ಟಿಕೊಂಡು ಬರತೊಡಗಿದರು.

ನಾನು ಬೇಡವೆನ್ನಬಹುದಾಗಿತ್ತು. ಅನ್ನಲಿಲ್ಲ. ಸರ್ಕಾರದ ಕೆಲಸವನ್ನು ಭಕ್ತರು ಮಾಡಿಕೊಟ್ಟರೆ ನನಗೇನು ನಷ್ಟ ಎಂದು ಚೇಷ್ಟೆಯ ಮಾತಾಡಿಕೊಂಡೆ. ನಿಜವೆಂದರೆ, ಹಿತ್ತಲಲ್ಲಿ ಬಳೆಗಳ ಸದ್ದು, ಒಬ್ಬರನ್ನೊಬ್ಬರು ಬೈಯುವ ಸದ್ದು, ಮಕ್ಕಳು ಅಳುವ ಸದ್ದು ನನಗೆ ಬೇಕಾಗಿತ್ತು. ಹೆಂಡತಿ ಹೋದ ಮೇಲೆ ನನ್ನ ಮನೆಯಲ್ಲಿ ಹೆಂಗಸರ ದನಿ ಕೇಳಿದ್ದು ಅಲ್ಲೇ ಮೊದಲು. ಆ ಎರಡು ದಿನ ನಾನು ಕಿಟಕಿ ತೆರೆದಿಟ್ಟು ಕೂಡುತ್ತಿದ್ದೆ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಮುಳ್ಳು ಇಳಿಯತೊಡಗಿತು. ಹತ್ತೊಂಬತ್ತು, ಹದಿನೇಳು, ಹದಿನಾಲ್ಕು. ಯುಗಾದಿ ಕಳೆದು ತಿಂಗಳಾಗುವಷ್ಟರಲ್ಲಿ ಹನ್ನೆರಡಕ್ಕೆ ಬಂದು ನಿಂತಿತು. ಇಪ್ಪತ್ತು ವೋಲ್ಟನ್ನು ಹನ್ನೆರಡು ಮಿಲಿಆಂಪಿಯರಿನಿಂದ ಭಾಗಿಸಿದರೆ ಸಾವಿರದ ಆರುನೂರ ಅರವತ್ತೇಳು ಓಮ್. ಎಲ್ಲಿಂದಲೋ ಆರುನೂರ ಅರವತ್ತೇಳು ಓಮ್ ತಡೆ ನಮ್ಮಿಬ್ಬರ ನಡುವೆ ಬಂದು ಕೂತಿತ್ತು. ಶಕ್ತಿಯೂ ಅರ್ಧದ ಹತ್ತಿರಕ್ಕೆ ಇಳಿದಿತ್ತು. ಯಂತ್ರ ಸರಿಯಾಗಿ ಟಕ್ ಎನ್ನದೆ ಚುಕ್ಕೆಗಳನ್ನು ನುಂಗುತ್ತಿತ್ತು. ಸಂಜೆಯ ಹರಟೆಯಲ್ಲಿ ಅವರು ಒಂದು ಮಾತನ್ನು ಮೂರು ಸಲ ಬಡಿಯಬೇಕಾಗುತ್ತಿತ್ತು. ಒಬ್ಬ ವಕೀಲರ ತಾರಿನಲ್ಲಿ ಒಂದು ಚುಕ್ಕೆ ಬಿದ್ದುಹೋಗಿ ಕೋರ್ಟಿನ ತಾರೀಖೇ ತಪ್ಪಿತು. ವಕೀಲರು ಮೇಲಿನವರಿಗೆ ದೂರು ಬರೆದರು.

ನಾನು ಲೆಕ್ಕಕ್ಕೆ ಕೂತೆ. ಜಾಡಿಗಳನ್ನು ಪ್ರತ್ಯೇಕವಾಗಿ ಅಳೆದೆ, ಮುನ್ನೂರೇ ಇತ್ತು. ಲೈನ್‌ಮನ್ ಮುನವಳ್ಳಿಯ ಮೇಲೆ ಹಾಯ್ದು ತಂತಿಯುದ್ದಕ್ಕೂ ನಡೆದು ಬಂದು, ಎಲ್ಲ ಬೆಸುಗೆಗಳೂ ಗಟ್ಟಿಯಾಗಿವೆ ಎಂದ. ರಾಮದುರ್ಗದ ಯಂತ್ರ ಹೊಸದು. ಉಳಿದದ್ದು ಎರಡು ನೆಲ. ನನ್ನ ನೆಲ ದಿನಾ ನೀರು ಕುಡಿಯುತ್ತಿತ್ತು, ವಾರಕ್ಕೆರಡು ಸಲ ಉಪ್ಪು ತಿನ್ನುತ್ತಿತ್ತು. ಅವರ ಬಾವಿ ಬತ್ತಿದೆಯೆಂದೂ ಕುಡಿಯುವ ನೀರನ್ನೇ ದೂರದಿಂದ ತರುತ್ತಿದ್ದಾರೆಂದೂ ಅವರೇ ಹೇಳಿದ್ದರು. ಇಷ್ಟು ಸಾಕಾಗಲಿಲ್ಲವೇ? ನನ್ನ ನೆಲ ಐವತ್ತು ಎಂದು ಬರೆದೆ. ಅವರ ನೆಲ ಏಳುನೂರ ಹದಿನೇಳು ಎಂದು ಬರೆದೆ.

ಆ ಐವತ್ತನ್ನು ನಾನು ಅಳೆದಿರಲಿಲ್ಲ. ಅಳೆಯುವ ಕ್ರಮ ಇತ್ತು. ಹಿತ್ತಲ ತಗಡಿನಿಂದ ಬಾವಿಯ ನೀರಿಗೆ ಒಂದು ತಂತಿ ಎಳೆದು, ನಾಲ್ಕು ಜಾಡಿ ಹಚ್ಚಿ, ಮುಳ್ಳು ನೋಡಿ ಭಾಗಿಸಿದರೆ ಮುಗಿಯಿತು. ಅರ್ಧ ತಾಸಿನ ಕೆಲಸ. ಒಟ್ಟು ತಡೆಯನ್ನು ಈ ತುದಿಯಿಂದ ಅಳೆದರೂ ಅಷ್ಟೇ, ಆ ತುದಿಯಿಂದ ಅಳೆದರೂ ಅಷ್ಟೇ. ಯಾರ ಪಾಲು ಎಷ್ಟು ಎಂದು ಮೊತ್ತ ಹೇಳುವುದಿಲ್ಲ. ಇದು ನನಗೆ ಗೊತ್ತಿಲ್ಲದ ಮಾತಲ್ಲ.

ಅವರೂ ಅದನ್ನೇ ಹೇಳಿದರು. “ತಮ್ಮಾ, ನಂದು ಒಣಗೇತಿ, ಖರೇ. ನೀರು ಸಿಕ್ಕರ ಹಾಕಸತೇನಿ. ನಿಂದೂ ಒಮ್ಮಿ ಬಾವೀಗೆ ತಂತಿ ಕಟ್ಟಿ ನೋಡಪಾ.”

ನನಗೆ ಸಿಟ್ಟು ಬಂತು. ಲೆಕ್ಕದಲ್ಲಿ ನನ್ನನ್ನು ಯಾರೂ ಪ್ರಶ್ನೆ ಮಾಡಿರಲಿಲ್ಲ, ಶಾಲೆಯಿಂದಲೂ. ಬೇರೇನೂ ಇಲ್ಲದವನಿಗೆ ಇದ್ದದ್ದು ಅದೊಂದೇ ಜಂಬ. “ನನ್ನ ನೆಲಾ ತಾಲೂಕಿಗೇ ಛಲೋ ಐತ್ರಿ. ಮೊದಲ ನಿಮ್ಮದು ನೋಡಕೋರಿ,” ಎಂದು ಬಡಿದೆ. ಅವರು “ನೀ ಲೆಕ್ಕಾ ಹಾಕೀ ಅಂದ್ರ ಹಂಗ ಇರಬೇಕು ಬಿಡು,” ಎಂದರು. ಎರಡು ದಿನ ನಾನು ಹರಟೆಗೆ ಕೂಡಲಿಲ್ಲ. ಮೂರನೆಯ ದಿನ ತಡೆಯಲಾಗದೆ ನಾನೇ ಕರೆದೆ. ಅವರು ಏನೂ ಆಗದವರಂತೆ ಏನು ಅಡುಗೆ ಎಂದು ಕೇಳಿದರು.

ದೂರಿನ ತಪಾಸಣೆಗೆ ಬಂದ ಸಾಹೇಬರು ಮೊದಲು ನನ್ನಲ್ಲಿಗೆ ಬಂದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಕೂಡಲೂ ಇಲ್ಲ. ದೋಷ ಯಾವ ತುದಿಯಲ್ಲಿ ಎಂದು ಕೇಳಿದರು. ನಾನು ಪರೀಕ್ಷೆಯ ಪುಸ್ತಕ ತೆರೆದು ಏಳುನೂರ ಹದಿನೇಳನ್ನು ತೋರಿಸಿದೆ. ಹಿತ್ತಲಿಗೆ ಬಂದು ನನ್ನ ಹಸಿ ಮಣ್ಣನ್ನು ಬೂಟಿನಿಂದ ಒತ್ತಿ ನೋಡಿ ತಲೆದೂಗಿದರು. ಪ್ರತಿ ದಿನದ ಭಾಗಾಕಾರವನ್ನೂ ಅಂದವಾಗಿ ಬರೆದಿಟ್ಟಿದ್ದೇನೆಂದು ಮೆಚ್ಚಿಕೊಂಡರು. ಅಲ್ಲಿಂದ ರಾಮದುರ್ಗಕ್ಕೆ ಹೋದರು. ಅಲ್ಲಿ ನೀರು ಕಾಣದ ನೆಲ ಬಿರುಕು ಬಿಟ್ಟಿತ್ತು. ಮುಂದೆ ಹೇಳಲು ಏನಿದೆ? ಕರ್ತವ್ಯದಲ್ಲಿ ಉದಾಸೀನ ಎಂದು ಬರೆದು, ಹದಿನೈದು ದಿನದೊಳಗೆ ಅವರನ್ನು ಸಿಂಧ ಪ್ರಾಂತದ ಯಾವುದೋ ಮರಳುಗಾಡಿನ ಆಫೀಸಿಗೆ ಹಾಕಿದರು.

ಕೊನೆಯ ಸಂಜೆ ಅವರು ಹೆಚ್ಚು ಮಾತಾಡಲಿಲ್ಲ. ನಾನು ಕೇಳಿದೆ, ವೈನಿ, ಅಂದರೆ ಅವರ ಹೆಂಡತಿ, ಬರುತ್ತಾರೆಯೇ ಎಂದು. “ಹೆಂಗ ಬರತಾಳ? ಅರ್ಧಾ ಸೀರಿ ಮಗ್ಗದ ಮ್ಯಾಲ ಐತಿ,” ಎಂದರು. ಅರ್ಧ ಸೀರೆ ಮುಗಿದರೂ ಅವರು ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. “ಹೊತ್ತಿಗೆ ಸರಿಯಾಗಿ ಉಣ್ಣು,” ಎಂದು ಬಡಿದರು. ಅಷ್ಟೇ. ಯಂತ್ರ ಸುಮ್ಮನಾಯಿತು. ನನಗೆ ದುಃಖವಾಯಿತು, ಆದರೆ ತಪ್ಪು ಮಾಡಿದೆನೆಂಬ ದುಃಖವಲ್ಲ. ನ್ಯಾಯವಾಗಿ ನಡೆದುಕೊಂಡು ಗೆಳೆಯನನ್ನು ಕಳೆದುಕೊಂಡೆನಲ್ಲ ಎಂಬ ದೊಡ್ಡಸ್ತಿಕೆಯ ದುಃಖ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಅವರ ಜಾಗಕ್ಕೆ ಬಂದವನು ಚುರುಕಿನ ಮನುಷ್ಯ. ಬಂದವನೇ ಹೊಸ ತಗಡು ಹೂಳಿಸಿದ, ಗಾಡಿಯಲ್ಲಿ ನೀರು ತರಿಸಿ ಹಾಕಿಸಿದ. ಮರುದಿನ ಏಳಕ್ಕೆ ಪರೀಕ್ಷೆ. ಮುಳ್ಳು ಹನ್ನೆರಡು. ಅದರ ಮರುದಿನವೂ ಹನ್ನೆರಡು. ಅಷ್ಟರಲ್ಲಿ ಮುಂಗಾರು ಹಿಡಿಯಿತು, ಸವದತ್ತಿಯಿಂದ ರಾಮದುರ್ಗದವರೆಗೆ ಎರೆಯೆಲ್ಲ ಕೆಸರಾಯಿತು. ಮುಳ್ಳು ಹನ್ನೆರಡನ್ನು ಬಿಟ್ಟು ಅಲುಗಲಿಲ್ಲ. ಹೊಸಬನಿಗೆ ಸಂಜೆ ಏನು ಅಡುಗೆ ಎಂದು ಬಡಿದೆ. ತಂತಿಯ ಮೇಲೆ ಖಾಸಗಿ ಮಾತಿಗೆ ಅವಕಾಶವಿಲ್ಲ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು.

ಒಂದು ಭಾನುವಾರ ಮಳೆ ನಿಂತಾಗ ಬಾವಿಗೆ ತಂತಿ ಎಳೆದೆ. ನಾಲ್ಕು ಜಾಡಿ, ನಾಲ್ಕು ವೋಲ್ಟ್. ಮುಳ್ಳು ಐದು ಮಿಲಿಆಂಪಿಯರಿನ ಹತ್ತಿರ ನಡುಗಿ ನಿಂತಿತು. ನಾಲ್ಕು ವೋಲ್ಟನ್ನು ಐದು ಮಿಲಿಆಂಪಿಯರಿನಿಂದ ಭಾಗಿಸಲು ಕಾಗದ ಬೇಕಾಗಿಲ್ಲ. ಎಂಟುನೂರು. ಅಳತೆಪೆಟ್ಟಿಗೆಯ ಮೇಲೆ ಸಿಟ್ಟು ಬಂದು ಅದನ್ನು ಸಾರಿಸಿ ಒರೆಸಿ ಮತ್ತೆ ನೋಡಿದೆ. ಅಷ್ಟೇ. ಜಾಡಿಗಳದ್ದು, ಪೆಟ್ಟಿಗೆಯದ್ದು, ಬಾವಿಯದ್ದು ಎಲ್ಲ ಕಳೆದರೂ ನನ್ನ ನೆಲಕ್ಕೆ ಏಳುನೂರಕ್ಕೂ ಮೇಲೆ ಉಳಿಯಿತು.

ಗುದ್ದಲಿ ತೆಗೆದುಕೊಂಡು ನಾನೇ ಅಗೆದೆ. ತಾಮ್ರದ ತಗಡು ಹಾಗೇ ಇತ್ತು. ಅದಕ್ಕೆ ಬೆಸೆದಿದ್ದ ಕಬ್ಬಿಣದ ತಂತಿಯನ್ನು ಉಪ್ಪು ತಿಂದುಹಾಕಿತ್ತು. ಬೆಸುಗೆಯ ಜಾಗದಲ್ಲಿ ತುಕ್ಕಿನ ಒಂದು ಎಳೆ ಉಳಿದಿತ್ತು, ಬೆರಳು ತಾಗಿದ ಕೂಡಲೇ ಪುಡಿಯಾಯಿತು. ಉಪ್ಪು ತಡೆಯನ್ನು ಇಳಿಸುತ್ತದೆ ಎಂದು ಕೈಪಿಡಿಯಲ್ಲಿ ಇತ್ತೆಂದು ಹೇಳಿದೆನಲ್ಲ, ಅದರ ಮುಂದಿನ ಸಾಲಿನಲ್ಲೇ ಹೆಚ್ಚಾದರೆ ಲೋಹವನ್ನು ತಿನ್ನುತ್ತದೆ ಎಂದೂ ಇತ್ತು. ನಾನು ಅದನ್ನು ಓದಿದ್ದೆ. ಹೆಂಗಸರನ್ನು ಬರಬೇಡಿರೆಂದು ಹೇಳುವ ಮನಸ್ಸಿರಲಿಲ್ಲ, ಅದಕ್ಕೆ ಮರೆತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಜ್ವರ ಬಂದ ಎತ್ತೇ ಬರೆ ಹಾಕಿಸಿತ್ತು.

ಹೊಸ ತಂತಿ ಬೆಸೆದೆ. ಸೋಮವಾರ ಮುಳ್ಳು ಇಪ್ಪತ್ತಕ್ಕೆ ಏರಿತು. ಸಾವಿರ ಓಮ್. ತಂತಿ ಗಂಟೆ ಹೊಡೆದಷ್ಟು ಸ್ವಚ್ಛವಾಗಿತ್ತು, ಅದರ ಮೇಲೆ ಮಾತಾಡಲು ನನಗೆ ಯಾರೂ ಇರಲಿಲ್ಲ.

ಮೇಲಿನವರಿಗೆ ಎಲ್ಲವನ್ನೂ ಬರೆದೆ. ದೋಷ ನನ್ನದು, ಅಳೆಯದೆ ಬರೆದೆ, ರಾಮದುರ್ಗದ ಮಾಸ್ತರರನ್ನು ಮರಳಿ ಕರೆಸಬೇಕು, ಶಿಕ್ಷೆ ನನಗಾಗಬೇಕು. ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು. ತಂತಿ ಈಗ ಸರಿಯಾಗಿ ಕೆಲಸ ಮಾಡುತ್ತಿರುವುದರಿಂದ ಈ ವಿಷಯವನ್ನು ಮುಗಿಸಲಾಗಿದೆ ಎಂದಿತ್ತು. ಸಿಂಧಕ್ಕೆ ಕಾಗದ ಬರೆಯಲು ಮೂರು ಸಲ ಕೂತೆ. “ಅಣ್ಣಾರಿಗೆ ನಮಸ್ಕಾರ” ಎಂಬುದರಿಂದ ಮುಂದೆ ಹೋಗಲಾಗಲಿಲ್ಲ. ಮೊದಲು ಅವರ ಮನೆಯಲ್ಲಾದರೂ ಹೇಳಬೇಕು, ಎದೆಯ ಮೇಲಿನ ಭಾರ ಇಳಿದೀತು ಎಂದುಕೊಂಡು ಎರಡು ದಿನದ ರಜೆ ಪಡೆದು ಗಾಡಿ ಹತ್ತಿ ರಾಮದುರ್ಗಕ್ಕೆ ಹೋದೆ.

ಆಫೀಸಿನ ಮನೆಯನ್ನು ಹೊಸಬನಿಗೆ ಬಿಟ್ಟುಕೊಟ್ಟು, ವೈನಿ ಅದೇ ಊರಿನಲ್ಲಿ ತವರಿನ ಪಕ್ಕದ ಮನೆಯಲ್ಲಿ ಹೊಸ ಕುಣಿ ತೋಡಿಸಿ ಮಗ್ಗ ಹೂಡಿಕೊಂಡಿದ್ದರು. ನಲವತ್ತರ ಹತ್ತಿರದ, ತೆಳ್ಳನೆಯ ಹೆಂಗಸು. ನಾನು ಯಾರೆಂದು ಹೇಳುತ್ತಲೂ ಮಗ್ಗ ನಿಲ್ಲಿಸಿ ಎದ್ದರು.

“ಬರ್ರಿ, ಒಳಗ ಬರ್ರಿ. ಸವದತ್ತಿ ತಮ್ಮ ಅಂದ್ರ ನೀವ ಏನ್ರಿ? ಕುಂದರ್ರಿ. ದಿನಾ ನಿಮ್ಮ ಸುದ್ದೀನ ಹೇಳತಿದ್ರು. ಇವತ್ತ ತಮ್ಮಗ ನೆಗಡಿ ಆಗೇತಿ ಅನ್ನಾವ್ರು. ತಂತಿ ಮ್ಯಾಲ ನೆಗಡಿ ಹೆಂಗ ತಿಳೀತೈತ್ರಿ ಅಂದ್ರ, ಅಂವನ ಕೈ ಸೀನತೈತಿ ಅಂತಿದ್ರು.”

ಇನ್ನು ತಡಮಾಡಿದರೆ ಹೇಳುವುದಾಗಲಿಕ್ಕಿಲ್ಲವೆಂದು ನಿಂತೇ ಹೇಳಿದೆ. “ವೈನಿ, ತಪ್ಪು ಅಣ್ಣಾರದಲ್ರಿ. ಅವರ ನೆಲಾ ಅಷ್ಟೇನ ಕೆಟ್ಟಿದ್ದಿಲ್ಲ. ಕೆಟ್ಟಿದ್ದು ನಂದು. ನಾ ನಂದು ಅಳೀಲಾರದ ಎಲ್ಲಾ ಅವರ ಮ್ಯಾಲ ಬರದೆ.”

ಅವರು ನೂಲಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿಸಿಕೊಂಡರು. “ಹಂಗಾರ ಅವರನ್ನ ತಿರುಗಿ ಕಳಸತಾರೇನ್ರಿ?”

“ಇಲ್ರಿ. ಬರದಿದ್ದೆ. ಆಗಂಗಿಲ್ಲ ಅಂದಾರ.”

“ಹಂಗಾರ ನನಗ ಯಾಕ ಹೇಳಿದ್ರಿ?”

ನನ್ನ ಭಾರ ಇಳಿಯಲಿ ಎಂದು ಬಂದಿದ್ದೆ, ಅದನ್ನು ಬಾಯಿಬಿಟ್ಟು ಹೇಗೆ ಹೇಳಲಿ?

“ನಾ ಅವರ ಮ್ಯಾಲ ಸಿಟ್ಟಾಗಿದ್ನಿರಿ,” ಎಂದರು. ದನಿ ಏರಿರಲಿಲ್ಲ. “ನೀರು ಹಾಕ್ರಿ, ನೀರು ಹಾಕ್ರಿ ಅಂತ ಬಡಕೊಂಡೆ. ಕೇಳಲಿಲ್ಲ, ಈಗ ಅನುಭೋಗಸ್ರಿ ಅಂತ ಹೋಗೂ ಮುಂದ ಬೈದ ಕಳಿಸೇನಿ. ಆ ಸಿಟ್ಟಿನ ಮ್ಯಾಲ ದಿನಾ ಹೋಗತಿದ್ದೂವು. ಈಗ ಯಾರ ಮ್ಯಾಲ ಸಿಟ್ಟಾಗ್ಲಿ?”

“ನನ್ನ ಮ್ಯಾಲ ಆಗ್ರಿ ವೈನಿ.”

ಅವರು ಬೆರಳಿಗೆ ಸುತ್ತಿದ್ದ ನೂಲನ್ನು ಬಿಚ್ಚಿದರು. “ಅದಕ್ಕೂ ಬರಂಗಿಲ್ರಿ. ಗಾಡಿ ಹತ್ತೂ ಮುಂದ ಹೇಳಿ ಹೋಗ್ಯಾರ. ಸವದತ್ತಿ ತಮ್ಮ ಒಂದಿಲ್ಲೊಂದ ದಿನಾ ಇಲ್ಲಿಗೆ ಬರತಾನ, ಬಂದ್ರ ಬೈಬ್ಯಾಡ, ಉಣ್ಣಾಕ ಹಾಕು, ಅಂವಗ ಯಾರೂ ಇಲ್ಲ ಅಂದಾರ.”

ಹಾಗಾದರೆ ಅಣ್ಣಾರಿಗೆ ಮೊದಲಿನಿಂದಲೂ ಅನುಮಾನವಿತ್ತು. ಇದ್ದೂ ಸಾಹೇಬರ ಮುಂದೆ ನನ್ನ ನೆಲದ ಮಾತು ಎತ್ತಿರಲಿಲ್ಲ. ಎತ್ತಿದ್ದರೆ ವರ್ಗವಾಗುತ್ತಿದ್ದವನು ನಾನು, ಮಗ್ಗವಿಲ್ಲದವನು, ಹೆಂಡತಿಯಿಲ್ಲದವನು, ಎಲ್ಲಿ ಹಾಕಿದರೂ ಏನೂ ಕಳೆದುಕೊಳ್ಳದವನು. ಅವರು ಅದನ್ನು ಹಾಗೆ ಲೆಕ್ಕ ಹಾಕಿರಲಿಲ್ಲ.

ವೈನಿ ಒಳಗೆ ಹೋಗಿ ತಾಟು ತಂದರು. ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಬಟ್ಟಲು ಮಜ್ಜಿಗೆ. ಎದುರಿಗೆ ಕೂತು, ನಾನು ಉಂಡು ಮುಗಿಸುವವರೆಗೆ ಬಡಿಸಿದರು.